ಮೆಕ್ಯಾನಿಕಲ್ ಬಿಟ್ಟರೆ ಮಾತ್ರ ಮಷಿನ್ ಲರ್ನಿಂಗ್ ಸಂಶೋಧನೆ ಸಾಧ್ಯವೇ? ಕಲಬುರಗಿಯ ಅಧ್ಯಾಪಕರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಕಲಬುರಗಿಯ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ವಯಸ್ಸು 34. ಪ್ರೊಡಕ್ಷನ್ ಇಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಆಗಿದೆ. ನಮ್ಮ ವಿಭಾಗದ ಪ್ರವೇಶ ಕುಸಿದಿದೆ. ಇಬ್ಬರು ಸಹೋದ್ಯೋಗಿಗಳು ಆಗಲೇ ಎಐ ವಿಭಾಗದ ಪಾಠಕ್ಕೆ ಹೋಗಿದ್ದಾರೆ. ಸುಧಾರಿತ ತಯಾರಿಕೆ ಮತ್ತು ಮಷಿನ್ ಲರ್ನಿಂಗ್ (ಕಂಪ್ಯೂಟರ್ ದತ್ತಾಂಶದಿಂದಲೇ ಕಲಿಯುವ ವಿಧಾನ) ಎರಡನ್ನೂ ಕೂಡಿಸಿ ಪಿಎಚ್‌.ಡಿ ಮಾಡಿ, ಮುಂದೆ ಅದರಲ್ಲಿಯೇ ಪ್ರಾಧ್ಯಾಪಕನಾಗಬೇಕೆಂಬ ಆಸೆ ಇದೆ. ಇದಕ್ಕೆ ಕಂಪ್ಯೂಟರ್ ಸೈನ್ಸ್‌ನಲ್ಲಿ ಇನ್ನೊಂದು ಎಂ.ಟೆಕ್ ಮಾಡಬೇಕೇ? ನಮ್ಮಲ್ಲಿರುವುದು ಹಳೆಯ ಲೇತ್, ಮಿಲ್ಲಿಂಗ್ ಯಂತ್ರಗಳು ಮತ್ತು ಕಂಪ್ಯೂಟರ್ ನಿಯಂತ್ರಿತ ಒಂದು ಚಿಕ್ಕ ಸಿಎನ್‌ಸಿ. ಇಷ್ಟರಲ್ಲಿ ಸಂಶೋಧನೆ ಆಗುತ್ತದೆಯೇ? ಪೂರ್ಣಾವಧಿಗೆ ಹೊರಗೆ ಹೋಗುವುದೋ, ಇಲ್ಲೇ ಇದ್ದು ಅರೆಕಾಲಿಕವಾಗಿ ಮಾಡುವುದೋ? ಪತ್ನಿ ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ, ತಂದೆಯವರು ಆಳಂದ ತಾಲ್ಲೂಕಿನ ಊರಲ್ಲಿ ಹೊಲ ನೋಡಿಕೊಂಡಿದ್ದಾರೆ. ಹಣ ಕೊಟ್ಟರೆ ಲೇಖನ ಬರೆದು ಪ್ರಕಟಿಸಿ ಕೊಡುತ್ತೇವೆ ಎನ್ನುವವರೂ ಸಂಪರ್ಕಿಸಿದ್ದಾರೆ. ದಾರಿ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿನ ಆತಂಕ ಒಂದೇ: ಇಷ್ಟು ವರ್ಷ ಕಲಿತು ಕಲಿಸಿದ ವಿದ್ಯೆಗೆ ಬೆಲೆ ಹೋಯಿತೇ, ಇನ್ನು ಬೇರೆಯವರ ಹೊಲದಲ್ಲಿ ಹೊಸದಾಗಿ ಉಳುಮೆ ಆರಂಭಿಸಬೇಕೇ ಎಂಬುದು. ಒಂದು ವಿಭಾಗಕ್ಕೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಬೇರೆ, ಆ ವಿಷಯದ ಜ್ಞಾನಕ್ಕೆ ಸಂಶೋಧನೆಯಲ್ಲಿರುವ ಬೆಲೆ ಬೇರೆ. ಮೊದಲನೆಯದು ಪೋಷಕರ ಲೆಕ್ಕಾಚಾರ ಮತ್ತು ನೌಕರಿಯ ಮಾರುಕಟ್ಟೆಗೆ ಅನುಗುಣವಾಗಿ ಏರಿಳಿಯುತ್ತದೆ. ಎರಡನೆಯದು ಈ ಕ್ಷೇತ್ರದಲ್ಲಿ ಇಳಿದಿಲ್ಲ. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತ, ಲೋಹ ಕತ್ತರಿಸುವ ಪ್ರಯೋಗಗಳಲ್ಲಿ ಮತ್ತು ಸಂಶೋಧನಾ ವಿದ್ಯಾರ್ಥಿಗಳ ಮಾರ್ಗದರ್ಶನದಲ್ಲಿ ವೃತ್ತಿಜೀವನ ಕಳೆದವನಾಗಿ ನಾನು ಹೇಳಬಹುದಾದದ್ದು ಇಷ್ಟು: ತಯಾರಿಕಾ ಕ್ಷೇತ್ರದ ಮಷಿನ್ ಲರ್ನಿಂಗ್‌ನಲ್ಲಿ ಅಲ್ಗಾರಿದಮ್ ಬಲ್ಲವರಿಗೆ ಕೊರತೆಯಿಲ್ಲ. ದತ್ತಾಂಶ ಹುಟ್ಟುವ ಯಂತ್ರವನ್ನು ಬಲ್ಲವರ ಕೊರತೆ ಬಹಳ ಇದೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ದತ್ತಾಂಶದಿಂದ ಕಲಿಯುವುದು ಕಂಪ್ಯೂಟರ್ ವಿಭಾಗದವರು ನಮಗೆ ಈಚೆಗೆ ತಂದುಕೊಟ್ಟ ವಿದ್ಯೆ ಎಂದು ಅನೇಕರು ನಂಬಿದ್ದಾರೆ. ಎಫ್. ಡಬ್ಲ್ಯೂ. ಟೇಲರ್ ಲೋಹ ಕತ್ತರಿಸುವಿಕೆಯ ಕುರಿತ ತಮ್ಮ ಕೆಲಸವನ್ನು 1906ರ ಕೊನೆಯಲ್ಲಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದಿಟ್ಟಾಗ, ಅದರ ಹಿಂದೆ 26 ವರ್ಷಗಳ ಅವಧಿಯಲ್ಲಿ ನಡೆಸಿದ 30,000ದಿಂದ 50,000 ಪ್ರಯೋಗಗಳಿದ್ದವು. 8 ಲಕ್ಷ ಪೌಂಡ್‌ಗೂ ಹೆಚ್ಚು ಉಕ್ಕು-ಕಬ್ಬಿಣ ಅದಕ್ಕಾಗಿ ಚಿಪ್ಸ್ (ಲೋಹದ ಚೂರು) ಆಗಿ ಉದುರಿತ್ತು. ಕತ್ತರಿಸುವ ವೇಗ ಮತ್ತು ಲೋಹ ಕತ್ತರಿಸುವ ಸಾಧನವಾದ ಟೂಲ್‌ನ ಆಯುಷ್ಯದ ನಡುವಿನ ಸಂಬಂಧವನ್ನು ಅವರು ಆ ಅಂಕಿಗಳಿಂದಲೇ ತೆಗೆದರು. ಆ ಫಲಿತಾಂಶ ಯಂತ್ರದ ಮುಂದೆ ನಿಂತ ಕೆಲಸಗಾರನಿಗೂ ಉಪಯೋಗವಾಗಲೆಂದು ಅದನ್ನು ಸ್ಲೈಡ್ ರೂಲ್ ರೂಪಕ್ಕೆ ಇಳಿಸಿದರು. ನೀವು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ಟೂಲ್ ಆಯುಷ್ಯದ ಸಮೀಕರಣ ಹುಟ್ಟಿದ್ದು ಹೀಗೆ. ಟೂಲ್ ಸವೆತವನ್ನು ಸಂವೇದಕಗಳ (ಸೆನ್ಸರ್‌ಗಳ) ಸಂಕೇತದಿಂದ ಗುರುತಿಸಲು, ಉದಾಹರಣೆಗಳಿಂದ ಕಲಿಯುವ ಗಣಿತದ ಜಾಲವಾದ ನ್ಯೂರಲ್ ನೆಟ್‌ವರ್ಕ್ ಬಳಸುವ ಪ್ರಯತ್ನಗಳೂ 1980ರ ದಶಕದ ಕೊನೆಯ ಹೊತ್ತಿಗೇ ಆರಂಭವಾಗಿದ್ದವು. ಆದ್ದರಿಂದ ನೀವು ಪರಕೀಯ ಕ್ಷೇತ್ರಕ್ಕೆ ಹೋಗುತ್ತಿಲ್ಲ.

ಹಾಗಾದರೆ ಈ ಕ್ಷೇತ್ರದಲ್ಲಿ ನಿಜವಾದ ಕಷ್ಟ ಎಲ್ಲಿದೆ? ಅಂತರ್ಜಾಲದ ಕಂಪನಿಗಳಿಗೆ ಚಿತ್ರಗಳು, ಪದಗಳು ಕೋಟಿಗಟ್ಟಲೆ ಸಿಗುತ್ತವೆ. ಕಾರ್ಖಾನೆಯಲ್ಲಿ ಸಂಕೇತಗಳು ಎಷ್ಟು ಬೇಕಾದರೂ ಸಿಗುತ್ತವೆ, ಆದರೆ ಆ ಕ್ಷಣದಲ್ಲಿ ಯಂತ್ರದ ಸ್ಥಿತಿ ಏನಿತ್ತು ಎಂದು ಹೇಳುವ ಅಂಕಿ ಸಿಗುವುದಿಲ್ಲ. ಒಂದು ಟರ್ನಿಂಗ್ ಪ್ರಯೋಗವನ್ನೇ ತೆಗೆದುಕೊಳ್ಳಿ. ಇಎನ್ 24 ಉಕ್ಕಿನ ಸರಳನ್ನು ಚಕ್‌ಗೆ ಹಿಡಿದು, ಸಿಎನ್‌ಎಂಜಿ 120408 ಕಾರ್ಬೈಡ್ ಇನ್ಸರ್ಟ್ (ಬದಲಿಸಬಹುದಾದ ಕತ್ತರಿಸುವ ತುಣುಕು) ಹಾಕಿ ಕತ್ತರಿಸುತ್ತೀರಿ. ಕಂಪನದ ಸಂಕೇತ ಸೆಕೆಂಡಿಗೆ ಸಾವಿರಾರು ಅಂಕಿಗಳಂತೆ ಸುರಿಯುತ್ತದೆ. ಆದರೆ ಸವೆತ ಎಷ್ಟಾಗಿದೆ ಎಂದು ತಿಳಿಯಲು ಪ್ರತಿ ಬಾರಿ ಯಂತ್ರ ನಿಲ್ಲಿಸಿ, ಇನ್ಸರ್ಟ್ ಬಿಚ್ಚಿ, ಅಂಟಿದ ಲೋಹವನ್ನು ಒರೆಸಿ, ಟೂಲ್‌ಮೇಕರ್ಸ್ ಮೈಕ್ರೋಸ್ಕೋಪಿನ ಕೆಳಗೆ ಫ್ಲ್ಯಾಂಕ್ (ಟೂಲ್ ಅಂಚಿನ ಪಕ್ಕದ ಮುಖ) ಮೇಲಿನ ಸವೆತದ ಪಟ್ಟಿಯ ಅಗಲ ಅಳೆಯಬೇಕು. ಐಎಸ್‌ಒ 3685 ಮಾನದಂಡದ ಪ್ರಕಾರ, ಸವೆತ ಏಕರೂಪವಾಗಿದ್ದರೆ ಆ ಅಗಲದ ಸರಾಸರಿ 0.3 ಮಿ.ಮೀ. ಮುಟ್ಟಿದಾಗ ಟೂಲ್‌ನ ಆಯುಷ್ಯ ಮುಗಿದಂತೆ. ಆ ಇನ್ಸರ್ಟ್‌ನಲ್ಲಿ ಬಳಸಬಹುದಾದ ಅಂಚುಗಳು ನಾಲ್ಕು. ಒಂದು ಅಂಚು ಸವೆಯುವಷ್ಟರಲ್ಲಿ ನಿಮಗೆ ಸಿಗುವುದು ಬೆರಳೆಣಿಕೆಯಷ್ಟು ಅಳತೆಗಳು. ಪ್ರತಿ ಅಳತೆಗೂ ಇನ್ಸರ್ಟ್, ಉಕ್ಕು ಮತ್ತು ನಿಮ್ಮ ಸಮಯ ಖರ್ಚಾಗುತ್ತವೆ. ಈ ಕ್ಷೇತ್ರದ ಬಡತನ ಇಲ್ಲಿದೆ, ಮತ್ತು ಅದನ್ನು ಜಾಣತನದಿಂದ ನಿಭಾಯಿಸುವವರೇ ಒಳ್ಳೆಯ ಸಂಶೋಧಕರಾಗುತ್ತಾರೆ.

ಈ ಬಡತನವನ್ನು ಒಪ್ಪಿಕೊಳ್ಳದೆ ಬರೆದ ಪ್ರಬಂಧಗಳು ನಮ್ಮ ಕಡೆ ತುಂಬ ಇವೆ, ಮತ್ತು ಈ ವಿಷಯದಲ್ಲಿ ನನಗೆ ನಿಜವಾದ ಬೇಸರವಿದೆ. ವೇಗ, ಫೀಡ್ (ಟೂಲ್ ಮುಂದೆ ಸಾಗುವ ದರ), ಕತ್ತರಿಸುವ ಆಳ ಈ ಮೂರನ್ನು ಮೂರು ಮಟ್ಟಗಳಲ್ಲಿಟ್ಟು ಪ್ರಯೋಗಗಳನ್ನು ಯೋಜಿಸುವ ಟಾಗುಚಿಯ ಎಲ್27 ಕೋಷ್ಟಕದಂತೆ 27 ಪ್ರಯೋಗ ಮಾಡುವುದು, ಮೇಲ್ಮೈ ಒರಟುತನ ಅಳೆಯುವುದು, ಬಳಿಕ ಅದಕ್ಕೆ ನ್ಯೂರಲ್ ನೆಟ್‌ವರ್ಕ್ ಹೊಂದಿಸಿ ಮಷಿನ್ ಲರ್ನಿಂಗ್ ಎನ್ನುವುದು ರೂಢಿಯಾಗಿದೆ. ಮೂರು ಇನ್‌ಪುಟ್, ನಡುವೆ ಹತ್ತು ನ್ಯೂರಾನ್, ಒಂದು ಔಟ್‌ಪುಟ್ ಇರುವ ಚಿಕ್ಕ ಜಾಲದಲ್ಲಿಯೂ ಹೊಂದಿಸಬೇಕಾದ ಗುಣಾಂಕಗಳು 51. ಇರುವ ಪ್ರಯೋಗಗಳು 27. ಅಂಥ ಜಾಲ ಆ 27 ಬಿಂದುಗಳನ್ನು ಬಾಯಿಪಾಠ ಮಾಡುತ್ತದೆ, ಲೋಹದ ಬಗ್ಗೆ ಏನನ್ನೂ ಕಲಿಯುವುದಿಲ್ಲ. ಇಷ್ಟು ಕಡಿಮೆ ದತ್ತಾಂಶಕ್ಕೆ ಸರಳ ರಿಗ್ರೆಷನ್ (ಅಂಕಿಗಳಿಗೆ ಗೆರೆ ಹೊಂದಿಸುವ ವಿಧಾನ) ಅಥವಾ ಗಾಸಿಯನ್ ಪ್ರೊಸೆಸ್ ಹೆಚ್ಚು ಪ್ರಾಮಾಣಿಕ ಸಾಧನಗಳು; ಎರಡನೆಯದು ತನ್ನ ಊಹೆಯ ಜೊತೆಗೆ ಅದರ ಅನಿಶ್ಚಿತತೆಯನ್ನೂ ಹೇಳುವುದರಿಂದ, ಮುಂದಿನ ಪ್ರಯೋಗವನ್ನು ಎಲ್ಲಿ ಮಾಡಿದರೆ ಹೆಚ್ಚು ತಿಳಿಯುತ್ತದೆ ಎಂಬುದನ್ನೂ ಸೂಚಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದ, ಹಾಗಾಗಿ ಹೆಚ್ಚು ಅಪಾಯಕಾರಿಯಾದ ದೋಷ ಇನ್ನೊಂದಿದೆ. ಒಂದೇ ಅಂಚಿನಿಂದ ಬಂದ ಹತ್ತು ನಿಮಿಷದ ಸಂಕೇತವನ್ನು ಒಂದೊಂದು ಸೆಕೆಂಡಿನ ತುಣುಕು ಮಾಡಿದರೆ 600 ತುಣುಕುಗಳಾಗುತ್ತವೆ. ಅವನ್ನು ಕಲಸಿ, ಶೇ. 80ನ್ನು ಕಲಿಕೆಗೆ, ಶೇ. 20ನ್ನು ಪರೀಕ್ಷೆಗೆ ಇಟ್ಟರೆ, ಪರೀಕ್ಷೆಯ ಪ್ರತಿ ತುಣುಕಿನ ಅಕ್ಕಪಕ್ಕದ ತುಣುಕನ್ನು ಮಾದರಿ (ಕಲಿತ ಮಾಡೆಲ್) ಮೊದಲೇ ನೋಡಿರುತ್ತದೆ. ಆಗ ಶೇ. 99 ನಿಖರತೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಅದು ಗುರುತಿಸಿದ್ದು ಸವೆತವನ್ನಲ್ಲ, ಆ ದಿನವನ್ನು, ಆ ಸರಳನ್ನು, ಸೆನ್ಸರ್ ಅಂಟಿಸಿದ್ದ ರೀತಿಯನ್ನು. ಎಲ್ಲರೂ ಬಳಸುವ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಬೇರಿಂಗ್ ದತ್ತಾಂಶದಲ್ಲಿಯೂ ಇದೇ ತೊಡಕಿದೆ. ಅಲ್ಲಿ 0.007, 0.014, 0.021 ಇಂಚು ಮುಂತಾದ ಅಳತೆಯ ದೋಷಗಳನ್ನು ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಯಂತ್ರಣದಿಂದ ಬೇರಿಂಗ್‌ಗಳಲ್ಲಿ ಮಾಡಿ, ಅವೇ ಬೇರಿಂಗ್‌ಗಳನ್ನು 0ಯಿಂದ 3 ಅಶ್ವಶಕ್ತಿಯವರೆಗಿನ ಹೊರೆಗಳಲ್ಲಿ ಓಡಿಸಿದ್ದಾರೆ. ಒಂದು ಹೊರೆಯಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸಿದೆ ಎಂದರೂ ಬೇರಿಂಗ್ ಅದೇ ಆಗಿರುತ್ತದೆ. ಪರೀಕ್ಷೆಗೆಂದು ಇಡೀ ಒಂದು ಅಂಚನ್ನು, ಇಡೀ ಒಂದು ಬೇರಿಂಗನ್ನು, ಸಾಧ್ಯವಾದರೆ ಇಡೀ ಒಂದು ಯಂತ್ರವನ್ನು ಮೊದಲೇ ಬೇರೆ ಎತ್ತಿಡುವುದೇ ಸರಿಯಾದ ಕ್ರಮ. ಹಾಗೆ ಮಾಡಿದಾಗ ನಿಖರತೆ ಇಳಿಯುತ್ತದೆ. ಇಳಿದ ಆ ಅಂಕಿಯೇ ನಿಮ್ಮ ಸಂಶೋಧನೆಯ ಆರಂಭಬಿಂದು, ಅದನ್ನು ಮುಚ್ಚಿಡಬೇಡಿ.

ಈಗ ನಿಮ್ಮ ಪ್ರಯೋಗಾಲಯದ ಪ್ರಶ್ನೆ. ಲೇಸರ್ ಬಳಸಿ ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸುವ 3ಡಿ ಮುದ್ರಣ ಯಂತ್ರ ನಿಮ್ಮ ಕಾಲೇಜಿಗೆ ಸದ್ಯಕ್ಕೆ ಬರಲಾರದು, ಮತ್ತು ಅದರ ಮೇಲಿನ ಸಂಶೋಧನೆಯನ್ನು ಕಲಬುರಗಿಯಲ್ಲಿ ಕುಳಿತು ಮಾಡುವ ಯೋಜನೆ ಹಾಕಿಕೊಳ್ಳುವುದು ವಿವೇಕವಲ್ಲ. ಆದರೆ ಒಂದು ಚಿಕ್ಕ ಸಿಎನ್‌ಸಿ, ಒಂದು ಮಿಲ್ಲಿಂಗ್ ಯಂತ್ರ, ಒಂದು ಮೈಕ್ರೋಸ್ಕೋಪ್, ಎರಡು-ಮೂರು ಸೆನ್ಸರ್‌ಗಳಿಂದ ಗೌರವಯುತವಾದ ಕೆಲಸ ಸಾಧ್ಯ. ನಾಲ್ಕು ಹಲ್ಲಿನ ಕಟರ್ ನಿಮಿಷಕ್ಕೆ 1,200 ಸುತ್ತು ತಿರುಗಿದರೆ ಹಲ್ಲು ಲೋಹ ಮುಟ್ಟುವ ಆವರ್ತನ 80 ಹರ್ಟ್ಸ್. ಅದರ ಪೂರ್ಣಾಂಕ ಗುಣಕಗಳಾದ ಹತ್ತಾರು ಹಾರ್ಮೋನಿಕ್‌ಗಳನ್ನು ಸೇರಿಸಿಕೊಂಡರೂ ಸೆಕೆಂಡಿಗೆ ಕೆಲವು ಸಾವಿರ ಅಂಕಿ ದಾಖಲಿಸುವ ಸಾಧಾರಣ ಅಕ್ಸೆಲರೋಮೀಟರ್ (ಕಂಪನದ ಸೆನ್ಸರ್) ಸಾಕಾಗುತ್ತದೆ. ಬೆಲೆಗಿಂತ ಅಳವಡಿಕೆ ಮುಖ್ಯ. ಅಯಸ್ಕಾಂತದ ಮೇಲೆ ಕೂರಿಸಿದ ಸೆನ್ಸರ್ ಮೇಲಿನ ಆವರ್ತನಗಳನ್ನು ತಿರುಚುತ್ತದೆ. ತಿರುಪಿನ ಸ್ಟಡ್ ಹಾಕಿ ಬಿಗಿದರೆ ಹಾಗಾಗುವುದಿಲ್ಲ. ಎಷ್ಟೋ ಪ್ರಬಂಧಗಳಲ್ಲಿ ಈ ಒಂದು ವಾಕ್ಯವೂ ಇರುವುದಿಲ್ಲ, ಆದರೆ ಓದುವ ಪರಿಶೀಲಕರು ಅದನ್ನೇ ಹುಡುಕುತ್ತಾರೆ.

ನಮ್ಮ ಭಾಗದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಮೀಟರ್ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.11ರಿಂದ 0.12 ಮಿ.ಮೀ. ಉದ್ದವಾಗುತ್ತದೆ. ಜನವರಿಯ ಬೆಳಿಗ್ಗೆ ಸಂಗ್ರಹಿಸಿದ ದತ್ತಾಂಶದಿಂದ ಕಲಿತ ಮಾದರಿ, ಹವಾನಿಯಂತ್ರಣವಿಲ್ಲದ ವರ್ಕ್‌ಶಾಪಿನಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ಎಡವುವುದು ಸಹಜ. ಬೆಂಗಳೂರಿನ ತಂಪು ಪ್ರಯೋಗಾಲಯದಲ್ಲಿ ಈ ಪ್ರಶ್ನೆ ಇಷ್ಟು ಢಾಳಾಗಿ ಎದುರಾಗುವುದಿಲ್ಲ. ನಿಮ್ಮಲ್ಲಿ ಎದುರಾಗುತ್ತದೆ, ಉಷ್ಣಾಂಶವನ್ನೂ ವಿದ್ಯುತ್ತಿನ ವೋಲ್ಟೇಜನ್ನೂ ಪ್ರತಿ ಪ್ರಯೋಗದ ಜೊತೆ ದಾಖಲಿಸಿದರೆ, ಪರಿಸ್ಥಿತಿ ಬದಲಾದಾಗ ಮಾದರಿ ಹೇಗೆ ಕೆಡುತ್ತದೆ ಎಂಬುದೇ ಒಂದು ಸಂಶೋಧನಾ ವಿಷಯವಾಗುತ್ತದೆ.

ಕಾಲೇಜಿನ ಹೊರಗೂ ಕಣ್ಣಾಡಿಸಿ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಕಿಲ್ನ್ (ಸುಡುವ ಗೂಡು), ಮಿಲ್ಲು, ಫ್ಯಾನುಗಳ ದತ್ತಾಂಶ ಹಗಲೂ ರಾತ್ರಿ ದಾಖಲಾಗುತ್ತದೆ, ಆದರೆ ಅದನ್ನು ಹೊರಗಿನವರಿಗೆ ಕೊಡಲು ಕಂಪನಿಗಳು ಸಹಜವಾಗಿಯೇ ಹಿಂಜರಿಯುತ್ತವೆ. ಅದನ್ನೇ ನಂಬಿ ಪಿಎಚ್‌.ಡಿ ವಿಷಯ ಆರಿಸಿಕೊಂಡರೆ ಎರಡು ವರ್ಷ ಅನುಮತಿ ಪತ್ರದ ಹಿಂದೆ ಓಡಾಡಬೇಕಾದೀತು. ಕಲಬುರಗಿಯ ದಾಲ್‌ ಮಿಲ್‌ಗಳ ಬಾಗಿಲು ಇದಕ್ಕಿಂತ ಸುಲಭವಾಗಿ ತೆರೆಯುತ್ತದೆ. ತೊಗರಿಯ ಸಿಪ್ಪೆ ತೆಗೆಯುವ ಎಮೆರಿ ರೋಲರ್ ಸವೆದಂತೆ ಸಿಪ್ಪೆ ಉಳಿಯುವ ಮತ್ತು ನುಚ್ಚಾಗುವ ಪ್ರಮಾಣ ಬದಲಾಗುತ್ತದೆ. ಇಲ್ಲಿ ಮೋಟರಿನ ವಿದ್ಯುತ್ ಪ್ರವಾಹವನ್ನು ಕ್ಲ್ಯಾಂಪ್ ಸೆನ್ಸರಿನಿಂದ ಅಳೆಯಬಹುದು. ಫಲಿತಾಂಶ ಅಳೆಯಲು ಮೈಕ್ರೋಸ್ಕೋಪ್ ಬೇಡ, ಜರಡಿ ಮತ್ತು ತಕ್ಕಡಿ ಸಾಕು. ಸರಿಯಾದ ಉತ್ತರ ಅಗ್ಗವಾಗಿ ಸಿಗುವ ಸಮಸ್ಯೆ ಸಂಶೋಧಕನಿಗೆ ದೊಡ್ಡ ಸಂಪತ್ತು. ಅದೇ ಪ್ರವಾಹದ ಸಂಕೇತದಲ್ಲಿ ಮೋಟರಿನ ಆರೋಗ್ಯವೂ ಅಡಗಿದೆ: ನಾಲ್ಕು ಪೋಲ್‌ಗಳ ಇಂಡಕ್ಷನ್ ಮೋಟರ್ 50 ಹರ್ಟ್ಸ್ ಪೂರೈಕೆಯಲ್ಲಿ ನಿಮಿಷಕ್ಕೆ 1,440 ಸುತ್ತು ತಿರುಗುತ್ತಿದ್ದರೆ, ರೋಟರಿನ ಸಲಾಕೆ ಮುರಿದಾಗ 46 ಮತ್ತು 54 ಹರ್ಟ್ಸ್ ಬಳಿ ಹೊಸ ಶಿಖರಗಳು ಏಳುತ್ತವೆ. ಸ್ಲಿಪ್ (ರೋಟರಿನ ವೇಗ ಕಾಂತಕ್ಷೇತ್ರದ ವೇಗಕ್ಕಿಂತ ಹಿಂದೆ ಬೀಳುವ ಪ್ರಮಾಣ) ಏನೆಂದು ಬಲ್ಲವನು ಅಲ್ಲಿ ನೋಡುತ್ತಾನೆ. ಅರಿಯದವನು ಇಡೀ ಸಂಕೇತವನ್ನು ಡೀಪ್ ಲರ್ನಿಂಗ್‌ಗೆ ಸುರಿದು ಕಾಯುತ್ತಾನೆ. ಒಂದು ಎಚ್ಚರಿಕೆ ಮಾತ್ರ: ತಯಾರಿಕಾ ಕ್ಷೇತ್ರದ ನಿಯತಕಾಲಿಕೆಗಳು ದಾಲ್‌ ಮಿಲ್ ಕೆಲಸವನ್ನು ಕೃಷಿ ಸಂಸ್ಕರಣೆ ಎಂದು ಬದಿಗಿಡುವ ಸಾಧ್ಯತೆ ಇರುವುದರಿಂದ, ಪ್ರಬಂಧದ ಬೆನ್ನೆಲುಬು ಲೋಹದ ಯಂತ್ರಣವೇ ಆಗಿರಲಿ, ಇದು ಅದರ ಎರಡನೆಯ ಅಧ್ಯಾಯವಾಗಲಿ.

ಕಂಪ್ಯೂಟರ್ ಸೈನ್ಸ್‌ನಲ್ಲಿ ಇನ್ನೊಂದು ಎಂ.ಟೆಕ್ ಮಾಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಎರಡು ವರ್ಷ ಮತ್ತು ಹಣ ಹೋಗುತ್ತದೆ, ಹೊಸ ವಿಭಾಗದಲ್ಲಿ ನಿಮಗಿಂತ ಹತ್ತು ವರ್ಷ ಕಿರಿಯರ ಜೊತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಒಂಬತ್ತು ವರ್ಷಗಳ ಅನುಭವಕ್ಕೆ ಅಲ್ಲಿ ಮನ್ನಣೆ ಸಿಗುವುದು ಖಚಿತವಲ್ಲ. ನಿಮಗೆ ಬೇಕಾದದ್ದು ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆ, ಸಂಕೇತ ಸಂಸ್ಕರಣೆ ಮತ್ತು ಪೈಥಾನ್. ಇವನ್ನು ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕಲಿಕಾ ಯೋಜನೆಯಾದ ಎನ್‌ಪಿಟೆಲ್‌ನ ಪಾಠಗಳಿಂದ ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಗಣಿತದ ಬಗ್ಗೆ ಅಳುಕಿದ್ದರೆ ಸಂಭವನೀಯತೆಯಿಂದ ಆರಂಭಿಸಿ, ಏಕೆಂದರೆ ಮೇಲೆ ಹೇಳಿದ ದೋಷಗಳೆಲ್ಲ ಹುಟ್ಟುವುದು ಅದರ ಅರಿವಿನ ಕೊರತೆಯಿಂದ. ಕಂಪ್ಯೂಟರ್ ವಿಭಾಗದ ಒಬ್ಬರನ್ನು ಸಹ-ಮಾರ್ಗದರ್ಶಕರನ್ನಾಗಿ ಪಡೆದರೆ ಉಳಿದ ಕೊರತೆ ತುಂಬುತ್ತದೆ.

ಪೂರ್ಣಾವಧಿಯೋ ಅರೆಕಾಲಿಕವೋ ಎಂಬುದು ನಿಜಕ್ಕೂ ಕಠಿಣ ಆಯ್ಕೆ. ಪೂರ್ಣಾವಧಿಗೆ ಹೋಗುವುದಾದರೆ ಬೆಂಗಳೂರಿನ ಐಐಎಸ್‌ಸಿ, ಸುರತ್ಕಲ್ಲಿನ ಎನ್‌ಐಟಿಗಳ ಹೆಸರು ಮೊದಲು ನೆನಪಾಗುತ್ತವೆ. ಆದರೆ ಹುಮನಾಬಾದ್, ಜಹೀರಾಬಾದ್ ದಾರಿಯಲ್ಲಿ ಹೈದರಾಬಾದಿಗೆ ಹೋಗುವಾಗ ಸಂಗಾರೆಡ್ಡಿ ಬಳಿಯ ಕಂದಿಯಲ್ಲಿ ಸಿಗುವ ಐಐಟಿ ಹೈದರಾಬಾದ್ ನಿಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ; ವಾರಾಂತ್ಯಕ್ಕೆ ಮನೆಗೆ ಬಂದು ಹೋಗಬಹುದು. ಒಳ್ಳೆಯ ಉಪಕರಣ, ಪ್ರಶ್ನೆ ಕೇಳುವ ಸಹಪಾಠಿಗಳು, ಶಿಸ್ತು ಈ ಮೂರೂ ಅಲ್ಲಿ ಸಿಗುತ್ತವೆ. ನಷ್ಟವೆಂದರೆ ಸಂಬಳ ನಿಲ್ಲುತ್ತದೆ. ಸರ್ಕಾರದ ಸಂಶೋಧನಾ ಫೆಲೋಶಿಪ್ 2023ರಿಂದ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ 42,000 ರೂಪಾಯಿ ಇದೆ. ಖಾಸಗಿ ಕಾಲೇಜು ಮರಳಿ ಬಂದಾಗ ಹುದ್ದೆ ಕೊಡುತ್ತದೆ ಎಂಬ ಬಾಯಿಮಾತಿನ ಭರವಸೆಯನ್ನು ನಂಬಬೇಡಿ, ರಜೆಯ ಷರತ್ತುಗಳನ್ನು ಬರಹದಲ್ಲಿ ಪಡೆಯಿರಿ.

ಅರೆಕಾಲಿಕಕ್ಕೆ 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳಲ್ಲಿ ಅವಕಾಶವಿದೆ, ಕಾಲೇಜಿನ ನಿರಾಕ್ಷೇಪಣಾ ಪತ್ರ ಬೇಕು. ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಥವಾ ಬೇರೆ ವಿಶ್ವವಿದ್ಯಾಲಯದ ಸ್ವಂತ ನಿಯಮಗಳನ್ನು ಜೊತೆಗಿಟ್ಟು ಓದಿಕೊಳ್ಳಿ. ಈ ದಾರಿಯ ಅಪಾಯ ಹಣದ್ದಲ್ಲ, ಸಮಯದ್ದು. ವಾರಕ್ಕೆ ಹದಿನಾರು ಗಂಟೆ ಪಾಠ, ಆಂತರಿಕ ಪರೀಕ್ಷೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಕಡತಗಳು, ಪ್ರವೇಶದ ಪ್ರಚಾರ ಇವೆಲ್ಲ ಮುಗಿದ ಮೇಲೆ ಸಂಶೋಧನೆಗೆ ಉಳಿಯುವುದು ರಾತ್ರಿಗಳು ಮಾತ್ರ. ಆದರೆ ಲೋಹ ಕತ್ತರಿಸುವ ಪ್ರಯೋಗವನ್ನು ರಾತ್ರಿ ಮನೆಯಲ್ಲಿ ಕುಳಿತು ಮಾಡಲಾಗದು. ನನ್ನ ಅಭಿಪ್ರಾಯ ಕೇಳಿದರೆ: ಕಾಲೇಜು ವಾರದಲ್ಲಿ ಎರಡು ಪೂರ್ತಿ ದಿನ ಪ್ರಯೋಗಾಲಯಕ್ಕೆ ಬಿಡುಗಡೆ ಕೊಡುವುದಾಗಿ ಲಿಖಿತವಾಗಿ ಒಪ್ಪಿದರೆ ಇಲ್ಲೇ ಇರಿ, ಒಪ್ಪದಿದ್ದರೆ ಹೊರಗೆ ಹೋಗಿ. ಪತ್ನಿಯವರ ನೌಕರಿ ಕಾಯಂ ಆಗಿರುವುದು ನಿಮ್ಮ ಮನೆಯ ದೊಡ್ಡ ಆಸರೆ; ಅವರೊಂದಿಗೆ ಕುಳಿತು ನಾಲ್ಕೈದು ವರ್ಷದ ಮನೆ ಖರ್ಚಿನ ಲೆಕ್ಕ ಹಾಕಿದ ಮೇಲೆಯೇ ನಿರ್ಧರಿಸಿ.

ಹಣ ಪಡೆದು ಲೇಖನ ಪ್ರಕಟಿಸಿಕೊಡುವವರ ಕರೆಗೆ ಉತ್ತರಿಸಬೇಡಿ. 2023ರಲ್ಲಿ ಪ್ರಪಂಚದಾದ್ಯಂತ ಹಿಂಪಡೆಯಲಾದ ಸಂಶೋಧನಾ ಲೇಖನಗಳ ಸಂಖ್ಯೆ 10,000 ದಾಟಿತು, ಅದರಲ್ಲಿ ಬಹುಪಾಲು ಇಂಥ ಲೇಖನ ಕಾರ್ಖಾನೆಗಳ ಹಾವಳಿಗೆ ತುತ್ತಾದ ವಿಶೇಷ ಸಂಚಿಕೆಗಳದ್ದು. ಹಿಂಪಡೆದ ಲೇಖನದ ಮೇಲೆ ಲೇಖಕರ ಹೆಸರು ಶಾಶ್ವತವಾಗಿ ಉಳಿಯುತ್ತದೆ. 2022ರ ಯುಜಿಸಿ ನಿಯಮಗಳು ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನೂ ಕೈಬಿಟ್ಟಿವೆ, ವಿಶ್ವವಿದ್ಯಾಲಯಗಳು ತಾವಾಗಿ ಇಟ್ಟುಕೊಂಡಿದ್ದರೆ ಮಾತು ಬೇರೆ. ಆದ್ದರಿಂದ ಅವಸರಕ್ಕೆ ಕಾರಣವೇ ಇಲ್ಲ.

ವಯಸ್ಸಿನ ಬಗ್ಗೆ: ಈಗ ನೋಂದಾಯಿಸಿದರೆ ಸುಮಾರು 40ರ ಹೊತ್ತಿಗೆ ಪದವಿ ಕೈಗೆ ಬರುತ್ತದೆ. ಸಹ ಪ್ರಾಧ್ಯಾಪಕ ಹುದ್ದೆಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ನಿಯಮದಂತೆ ಪಿಎಚ್‌.ಡಿ ಬೇಕೇ ಬೇಕು, ಹಾಗಾಗಿ ಅದು ಹೇಗೂ ತಪ್ಪಿದ್ದಲ್ಲ. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ ಸೇವೆ ಉಳಿಯುತ್ತದೆ: ಸ್ವಂತ ಸಂಶೋಧನಾ ವಿದ್ಯಾರ್ಥಿಗಳು, ಸರ್ಕಾರದ ಅನುದಾನಕ್ಕೆ ಬರೆಯುವ ಪ್ರಸ್ತಾವಗಳು, ಕಾರ್ಖಾನೆಗಳ ಸಲಹಾ ಕೆಲಸ, ಇವೆಲ್ಲ ಬರುವುದು ಆ ಅವಧಿಯಲ್ಲಿ. ಅನುದಾನ ಮೊದಲ ಸಲಕ್ಕೇ ಸಿಗುವುದು ಅಪರೂಪ. ಅಷ್ಟರಲ್ಲಿ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಬಿ.ಇ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಕೊಡುವ ನೆರವಿಗೆ ನಿಮ್ಮ ವಿದ್ಯಾರ್ಥಿಗಳಿಂದ ಅರ್ಜಿ ಹಾಕಿಸಿ. ಮೊತ್ತ ಚಿಕ್ಕದಾದರೂ ಮೊದಲ ಸೆನ್ಸರ್‌ಗಳು ಅದರಲ್ಲಿ ಬರುತ್ತವೆ.

ಮಾರ್ಗದರ್ಶಕರನ್ನು ಕಾಣಲು ಹೋಗುವ ಮುನ್ನ ಈ ಸೆಮಿಸ್ಟರ್‌ನಲ್ಲಿ ಒಂದು ಕೆಲಸ ಮಾಡಿಕೊಳ್ಳಿ. ನಿಮ್ಮ ವರ್ಕ್‌ಶಾಪಿನ ಒಂದೇ ಯಂತ್ರದ ಮೇಲೆ, ಒಂದೇ ಬಗೆಯ ಇನ್ಸರ್ಟ್‌ನ ನಾಲ್ಕು ಅಂಚುಗಳನ್ನು ಆರಂಭದಿಂದ 0.3 ಮಿ.ಮೀ. ಸವೆತದವರೆಗೆ ಓಡಿಸಿ. ಪ್ರತಿ ಪಾಸ್‌ನ ಕಂಪನ, ಮೋಟರ್ ಪ್ರವಾಹ, ಉಷ್ಣಾಂಶ, ಅಳೆದ ಸವೆತ, ಯಂತ್ರದ ಮುಂದಿದ್ದವರ ಹೆಸರು, ಅಸಹಜವಾಗಿ ಕಂಡದ್ದೆಲ್ಲವನ್ನೂ ಬರೆದಿಡಿ. ವರ್ಕ್‌ಶಾಪಿನ ಹಿರಿಯ ಟರ್ನರ್ ಶಬ್ದ ಕೇಳಿಯೇ ಟೂಲ್ ಹೋಯಿತು ಎಂದು ಹೇಳಿದ ಗಳಿಗೆಯನ್ನೂ ಗುರುತು ಹಾಕಿ, ಏಕೆಂದರೆ ನಿಮ್ಮ ಮಾದರಿ ಮೊದಲು ಸರಿಗಟ್ಟಬೇಕಾದದ್ದು ಅವರ ಕಿವಿಯನ್ನು. ಮೂರು ಅಂಚುಗಳಿಂದ ಕಲಿಸಿ ನಾಲ್ಕನೆಯದರ ಮೇಲೆ ಪರೀಕ್ಷಿಸಿದ ಫಲಿತಾಂಶ ಎಷ್ಟೇ ಕಡಿಮೆ ಬಂದಿರಲಿ, ಆ ಗ್ರಾಫನ್ನು ಮತ್ತು ಆ ದಾಖಲೆ ಪುಸ್ತಕವನ್ನು ಹಿಡಿದುಕೊಂಡೇ ಸಂದರ್ಶನಕ್ಕೆ ಹೋಗಿ.